ಚಾಪೆಯಷ್ಟು ಬಿಸಿಲು

ಬಿಸಿಲಿನ ಬೆನ್ನು ಹತ್ತಿ ಓಡಾಡುವುದು ಪ್ರಮೀಳಾಗೆ ರೂಢಿಯಾಗಿ ಹೋಗಿತ್ತು. ಬೆಳಿಗ್ಗೆ ನೀರಿನ ತೊಟ್ಟಿಯ ಪಕ್ಕ ಹಾಸಿದ ಚಾಪೆಯನ್ನು ತಿಂಡಿಯ ಹೊತ್ತಿಗೆ ಒಗೆಯುವ ಕಲ್ಲಿನತ್ತ ಎಳೆಯಬೇಕು. ಮುದ್ದೆಗೆ ಎಸರಿಟ್ಟು ಬರುವಷ್ಟರಲ್ಲಿ ಅಲ್ಲಿಗೂ ಸೀಬೆಮರದ ನೆರಳು ಬಂದು ಕೂತಿರುತ್ತದೆ. ಆಮೇಲೆ ಕಾಂಪೌಂಡಿನ ಮೂಲೆ. ಹಸಿ ಸಂಡಿಗೆ ಇಟ್ಟ ಚಾಪೆಯನ್ನು ಎಳೆಯುವುದೆಂದರೆ ಆಗಷ್ಟೇ ನಿದ್ದೆ ಹತ್ತಿದ ಕೂಸನ್ನು ಎತ್ತಿ ಬೇರೆ ಕಡೆ ಮಲಗಿಸಿದ ಹಾಗೆ. ಒಂದಿಷ್ಟು ಅಲುಗಿದರೂ ಕೆಟ್ಟಿತು.

ಪಾಂಡವಪುರದ ನಾಲೆ ಬದಿಯ ಆ ಹಂಚಿನ ಮನೆಗೆ ತಾರಸಿ ಇರಲಿಲ್ಲ. ಮುಂದಿನ ಅಂಗಳಕ್ಕೆ ಕಬ್ಬಿನ ಟ್ರಾಕ್ಟರುಗಳ ಧೂಳು. ಉಳಿದದ್ದು ಹಿತ್ತಿಲು. ಅವಳು ಮದುವೆಯಾಗಿ ಬಂದಾಗ ಅದು ಬಟ್ಟಬಯಲು. ಒಂದು ನುಗ್ಗೆ, ಒಂದು ಕರಿಬೇವು ಬಿಟ್ಟರೆ ಮೇಲಿನ ಆಕಾಶವೆಲ್ಲ ಅವಳದೇ. ಅಕ್ಕಿ ಸಂಡಿಗೆ, ಬೂದುಗುಂಬಳದ ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ, ಎಲ್ಲವೂ ಆ ಬಿಸಿಲಲ್ಲೇ ಹುಟ್ಟಿ ಕೆ.ಆರ್.ಎಸ್. ಬಸ್‌ಸ್ಟ್ಯಾಂಡಿನ ಬಳಿಯ ಅಣ್ಣಮ್ಮನ ಹೋಟೆಲಿಗೆ ಹೋಗುತ್ತಿದ್ದವು. ಮಗಳು ಮಾನಸಳ ಕಾಲೇಜಿಗೆ, ತನ್ನ ಸೀರೆಗೆ, ತವರಿಗೆ ಹೋಗಿ ಬರುವುದಕ್ಕೆ ಪ್ರಮೀಳಾ ಯಾರ ಮುಂದೆಯೂ ಕೈಯೊಡ್ಡಿದವಳಲ್ಲ.

ಆ ಬಿಸಿಲನ್ನು ತಿಂದವನು ಅವಳ ಮಾವ ನಂಜಪ್ಪ.

ನಂಜಪ್ಪ ನೀರಾವರಿ ಇಲಾಖೆಯಲ್ಲಿ ನೀರುಗಂಟಿಯಾಗಿದ್ದವನು. ತೂಬಿನ ತಿರುಪು ತಿರುಗಿಸಿ ಊರವರ ಗದ್ದೆಗಳಿಗೆ ನೀರು ಬಿಡುವುದರಲ್ಲೇ ಅವನ ಜೀವಮಾನ ಕಳೆಯಿತು. ನಿವೃತ್ತಿಯಾದ ವಾರ ಶ್ರೀರಂಗಪಟ್ಟಣದ ರಸ್ತೆಬದಿಯ ನರ್ಸರಿಯಿಂದ ಒಂದು ರಸಪುರಿ ಮಾವಿನ ಕಸಿಗಿಡ ತಂದು ಹಿತ್ತಿಲಿನ ನಟ್ಟನಡುವೆ ನೆಟ್ಟ. ಹೊತ್ತು ಹೋಗಲಿ ಅಂದ. ಹೊತ್ತು ಹೋಯಿತು, ಹಿತ್ತಿಲೂ ಹೋಯಿತು. ಮಾವಿನ ಹಿಂದೆ ಸೀಬೆ ಬಂತು, ಸಪೋಟ ಬಂತು, ಮೇಲುಕೋಟೆಯಿಂದ ರಾಮಫಲ, ಕೆ.ಆರ್. ಪೇಟೆ ಕಡೆಯಿಂದ ಚಕ್ಕೋತ. ಹಣ್ಣಿನಾಸೆ ಎನ್ನೋಣವೆಂದರೆ ಅವನು ಹಣ್ಣು ತಿನ್ನುವವನೇ ಅಲ್ಲ; ಸಕ್ಕರೆ ಕಾಯಿಲೆ. ಸಂಜೆ ಪೈಪು ಹಿಡಿದು ಬುಡದಿಂದ ಬುಡಕ್ಕೆ ಹೋಗುತ್ತ, ಕಣ್ಣು ಅರ್ಧ ಮುಚ್ಚಿ, ಯಾವುದೋ ಲೋಕದಲ್ಲಿರುತ್ತಿದ್ದ. ಒಣಮಣ್ಣು ನೀರು ಕುಡಿಯುವ ಸದ್ದಿಗೆ ಕಿವಿ ಕೊಟ್ಟು ನಿಂತವನನ್ನು ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ.

ಉಳಿದ ಗಿಡಗಳಲ್ಲಿ ಸೀಬೆ, ಸಪೋಟ ಬೇಗ ಕಾಯಿ ಕಚ್ಚಿದವು. ಮೊದಲು ಬಂದ ಮಾವು ಮಾತ್ರ ಕಚ್ಚಲಿಲ್ಲ. ಕಸಿಗಿಡ, ನಾಲ್ಕನೇ ವರ್ಷಕ್ಕೆ ಬಿಡಬೇಕಾದದ್ದು, ಏಳಾದರೂ ಒಂದು ಹೂವಿಲ್ಲ. ಬೆಳೆದದ್ದು ಮಾತ್ರ ಬೆಳೆದದ್ದೇ. ಹಿತ್ತಿಲಿನ ಅರ್ಧ ಆಕಾಶ ನುಂಗಿ, ಕಪ್ಪು ಹಸಿರಾಗಿ, ಕೊಡೆ ಬಿಚ್ಚಿ ನಿಂತಿತ್ತು.

ದಸರಾ ಮುಗಿದ ವಾರ ನಂಜಪ್ಪ ನಾಗಮಂಗಲದಿಂದ ಟಿ.ವಿ.ಎಸ್. ಗಾಡಿಯ ಮುಂದೆ ಗಿಡಗಳನ್ನು ನಿಲ್ಲಿಸಿಕೊಂಡು ಬಂದ. ಎಲೆಗಳ ನಡುವೆ ಮುಖ ಮಾತ್ರ ಕಾಣುತ್ತಿತ್ತು. ಮರವೇ ಗಾಡಿ ಓಡಿಸಿಕೊಂಡು ಬಂದಂತಿತ್ತು.

“ಏನ್ ಮಾವ ಇವು?”

“ಬೆಣ್ಣೆಹಣ್ಣು ಕಣವ್ವ. ಎಲ್ಲಾರ್ ಮನೇಲೂ ಅದೆ, ನಮ್ ಮನೇಲಿಲ್ಲ.”

“ಯಾರ್ ಮನೇಲದೆ?”

ನಂಜಪ್ಪ ಯೋಚಿಸಿದ. “ಫೋನಲ್ಲಿ ತೋರುಸ್ತಾರೆ.”

“ಎಲ್ಲಿಗ್ ಇಕ್ತೀರಿ?”

ಅವನು ಕಾಂಪೌಂಡಿನ ಮೂಲೆಯತ್ತ ಗದ್ದ ಎತ್ತಿ ತೋರಿಸಿದ. ಅಲ್ಲಿ ಅವಳ ಚಾಪೆ ಇತ್ತು.

“ಅಲ್ಲಿ ಬಿಸ್ಲು ಚೆಂದಾಗ್ ಬೀಳ್ತದೆ,” ಅಂದ.

“ಅದ್ಕೇ ನಾನು ಅಲ್ಲಿ ಚಾಪೆ ಹಾಕಿರದು.”

“ಚಾಪೆ ಎತ್ಲಾಗ್ ಬೇಕಾದ್ರೂ ಎಳ್ಕಬೋದು ಕಣವ್ವ. ಗಿಡಕ್ಕೆ ಕಾಲಿಲ್ವಲ್ಲ.”

ಮಾವನಿಗೆ ಎದುರು ಮಾತಾಡುವುದು ಆ ಮನೆಯ ಪದ್ಧತಿಯಲ್ಲ. ಪ್ರಮೀಳಾ ಒಳಗೆ ಹೋಗಿ ಪಾತ್ರೆಗಳ ಕೈಲಿ ಮಾತಾಡಿಸಿದಳು. ಪಾತ್ರೆಗಳ ಮಾತು ಅರ್ಥವಾಗುತ್ತಿದ್ದದ್ದು ಅತ್ತೆ ಜಯಲಕ್ಷ್ಮಮ್ಮನಿಗೆ.

“ಬೋಸಿ ಸೊಟ್ಟಾಯ್ತದೆ ಕಣೆ. ಕ್ವಾಪ ಇದ್ರೆ ಆ ಮನ್ಸಂಗ್ ಏಳು.”

“ನಾನೆಂಗ್ ಏಳ್ಲಿ ಅತ್ತೆ. ನೀವೇ ಏಳಿ.”

“ನಾ ಏಳಿದ್ ಮಾತ ಕೇಳೋ ಗಂಡ್ಸಾಗಿದ್ರೆ ನಾನು ಯಾಕಿಂಗ್ ಕುಂತ್ಕಂಡು ಬೆಳ್ಳುಳ್ಳಿ ಬಿಡುಸ್ತಿದ್ದೆ?” ಅಂದಳು ಜಯಲಕ್ಷ್ಮಮ್ಮ.

ಕಾರ್ತಿಕ ಮಾಸ ಹುಟ್ಟುವ ಹೊತ್ತಿಗೆ ಅಣ್ಣಮ್ಮ ಸಂಡಿಗೆಯ ಡಬ್ಬವನ್ನು ವಾಪಸು ಕಳುಹಿಸಿದಳು. ಮುಚ್ಚಳ ತೆಗೆದರೆ ಬೂಷ್ಟಿನ ವಾಸನೆ. ಹಿಂದೆಯೇ ಫೋನು ಬಂತು.

“ಎಣ್ಣೆಗ್ ಬುಟ್ರೆ ಅರಳ್ದೆ ಸುಮ್ಕೆ ಮುಳುಗೋಯ್ತಾವೆ ಕಣೆ ಪ್ರಮೀಳಾ. ಒಣಗೇ ಇಲ್ಲ.”

“ಬಿಸ್ಲು ಸಾಲ್ನಿಲ್ಲ ಅಕ್ಕ.”

“ನಿಮ್ಮೂರ್ಗೊಂದ್ ಸೂರ್ಯ, ನಮ್ಮೂರ್ಗೊಂದ್ ಸೂರ್ಯ ಅವ್ನಾ? ನೋಡು, ಶಿವರಾತ್ರಿ ಗಂಟ ಕಾಯ್ತೀನಿ. ಬೇಸ್ಗೆಗೆ ಮಾಡ್ಕೊಡಕ್ಕಾಯ್ತದಾ ಏಳು. ಇಲ್ಲಾಂದ್ರೆ ಮೈಸೂರಿಂದ ಪ್ಯಾಕೆಟ್ಟು ಬತ್ತಾವೆ, ತಕ್ಕತೀನಿ. ಬ್ಯಾಸ್ರ ಮಾಡ್ಕಬೇಡ.”

ಪ್ರಮೀಳಾ ಬ್ಯಾಸರ ಮಾಡಿಕೊಳ್ಳಲಿಲ್ಲ. ಡಬ್ಬವನ್ನು ತಿಪ್ಪೆಗೆ ಸುರಿದು, ತೊಳೆದು, ಬೋರಲು ಹಾಕಿದಳು. ಆ ಹೋಟೆಲು ತಪ್ಪಿದರೆ ಮತ್ತೆ ಗಂಡನ ಜೇಬಿನ ಕಡೆ ನೋಡುತ್ತ ಕೂರಬೇಕು. ಅದೊಂದು ಅವಳಿಗೆ ಬೇಡವಾಗಿತ್ತು.

ಗಂಡ ಲೋಕೇಶ್ ಮಾಕವಳ್ಳಿ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ, ಮೈತುಂಬ ಕಾಕಂಬಿಯ ವಾಸನೆ ಹೊತ್ತು ಸಂಜೆಗೆ ಬಂದು ಉಣ್ಣಲು ಕೂತ. ಮನೆಯ ಜಗಳವೆಂದರೆ ಅವನಿಗೆ ಉಪ್ಸಾರಿನ ಜೊತೆಯ ಖಾರ. ಒಂದಿಷ್ಟು ನಂಚಿಕೊಂಡು ಎದ್ದುಬಿಡುತ್ತಿದ್ದ.

“ಅಣ್ಣಮ್ಮ ಡಬ್ಬ ವಾಪಸ್ ಕಳ್ಸವ್ಳೆ,” ಪ್ರಮೀಳಾ ಗಂಡನಿಗೆ ಹೇಳಿದಳು. ಕೇಳಿಸಿಕೊಳ್ಳಬೇಕಾದ ಮಾವ ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದ.

“ಒಸಿ ದಿನ ಮಾಡ್ಬೇಡ ಬುಡು.”

“ನೀವೂ ಒಸಿ ದಿನ ಫ್ಯಾಕ್ಟ್ರಿಗೆ ಹೋಗ್ಬೇಡಿ.”

ಮಾನಸ ನಕ್ಕಳು. “ಅಪ್ಪ ಔಟ್.”

“ಸುಮ್ಕೆ ಉಣ್ಣಮ್ಮಿ.” ಲೋಕೇಶ್ ಅಪ್ಪನತ್ತ ತಿರುಗಿದ. “ಅಪ್ಪೋ, ಆ ಮಾವು ಕಾಯೂ ಬುಡಲ್ಲ, ಕಸವೇ ಜಾಸ್ತಿ. ತೆಗ್ಸಾಕ್ಬುಡನ.”

ನಂಜಪ್ಪ ತುತ್ತನ್ನು ಸಾರಿನಲ್ಲಿ ಹೊರಳಿಸುತ್ತ ಕೂತ. “ಬುಡ್ತದೆ. ಕನಸಲ್ಲಿ ಬುಟ್ಟಿತ್ತು.”

“ಕನಸಲ್ಲಿ ಬುಟ್ಟ ಕಾಯ್ಗೆ ಕನಸಲ್ಲೇ ಉಪ್ಪಾಕಿ, ಕನಸಲ್ಲೇ ಉಪ್ಪಿನಕಾಯಿ ತಿನ್ನಿ,” ಅಂದಳು ಜಯಲಕ್ಷ್ಮಮ್ಮ.

ಅವನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. “ಗೊಂಚಲು ಗೊಂಚಲು, ನೆಲ ಮುಟ್ತಿದ್ವು. ನಾನು ಕೆಳಗ್ ಕುಂತಿದ್ದೆ. ನಾಲೆ ನೀರು ಬುಡ್ದಲ್ಲೇ ಅಂಗೇ ಹರಿತಿತ್ತು, ಸದ್ದಿಲ್ದಂಗೆ.” ತುತ್ತು ನುಂಗಿ ಮತ್ತೆ ಅಂದ, “ಹೂ ಕಂಡ ಮರಕ್ಕೆ ಮಚ್ಚಿಕ್ಬಾರ್ದು. ಕಾಣ್ದಿರೋ ಮರಕ್ಕೆ ಮಚ್ಚು ತೋರುಸ್ಬೇಕು. ನಮ್ಮಪ್ಪ ತೋರುಸ್ತಿದ್ದ.”

ಅವರ ಮನೆತನದಲ್ಲಿ ಅದೊಂದು ಹಳೆಯ ಕ್ರಮ. ಕಾಯಿ ಬಿಡದ ಮರದ ಮುಂದೆ ಒಬ್ಬರು ಮಚ್ಚು ಹಿಡಿದು ನಿಂತು, ಕಡಿಯುತ್ತೇನೆಂದು ಬೈಯಬೇಕು. ಇನ್ನೊಬ್ಬರು ಅಡ್ಡ ಬಂದು, ಇದೊಂದು ಸಲ ಬಿಟ್ಟುಬಿಡಿ, ಮುಂದಕ್ಕೆ ಬಿಡುತ್ತದೆ ಎಂದು ಮರದ ಪರವಾಗಿ ಬೇಡಿಕೊಳ್ಳಬೇಕು. ಮರ ಹೆದರಿ ಹೂ ಕಟ್ಟುತ್ತದೆಂದು ನಂಬಿಕೆ. ನೆಟ್ಟವರು ಬೈಯುವಂತಿಲ್ಲ, ಅವರ ಬೈಗುಳ ಸುಳ್ಳೆಂದು ಮರಕ್ಕೆ ತಿಳಿದುಬಿಡುತ್ತದಂತೆ.

“ಬಯ್ಯೋರ್ ಯಾರು?” ಲೋಕೇಶ್ ಕೇಳಿದ. “ನಾನಂತೂ ಒಲ್ಲೆ. ಜನ ನಗಾಡ್ತಾರೆ.”

ನಂಜಪ್ಪ ತಲೆ ಎತ್ತಲಿಲ್ಲ. “ಪ್ರಮೀಳಾ ಬಯ್ಲಿ. ನಿಜ್ವಾಗ್ಲೂ ಕಡಿಯೋರ್ ಕೈಲಿ ಮಚ್ಚಿದ್ರೇನೆ ಮರ ಎದರದು.”



ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಎಲ್ಲರೂ ಹಿತ್ತಿಲಲ್ಲಿ ನೆರೆದರು. ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಜಯಲಕ್ಷ್ಮಮ್ಮ ಮಚ್ಚಿಗೆ ಅರಿಶಿನ ಕುಂಕುಮ ಇಟ್ಟು ಸೊಸೆಯ ಕೈಗೆ ಕೊಟ್ಟಳು. ಮಾನಸ ಫೋನು ಎತ್ತಿ ಹಿಡಿದಳು.

ಪ್ರಮೀಳಾ ಮರದ ಮುಂದೆ ನಿಂತು, “ಕಡಿತೀನಿ,” ಅಂದಳು.

“ಇದೇನೆ, ಸೊಪ್ಪು ಬೇಕಾ ಅಂತ ಕೇಳ್ದಂಗೆ?” ಅತ್ತೆ ಗದರಿದಳು. “ಬಯ್ಯೇ. ಪಾತ್ರೆ ತೊಳೆವಾಗ ಎಂಗ್ ಬಯ್ತೀಯ, ಅಂಗೆ.”

ಪ್ರಮೀಳಾ ಸೆರಗು ಬಿಗಿದಳು. ಮೇಲೆ ನೋಡಿದಳು. ಕೊಡೆಯಂಥ ಆ ಕಪ್ಪು ಹಸಿರಿನಲ್ಲಿ ಬಿಸಿಲಿಗೆ ಒಂದು ಕಿಂಡಿಯೂ ಇರಲಿಲ್ಲ.

“ಯಾರ್ ಕರುದ್ರು ನಿನ್ನ?” ಎಂದು ಶುರು ಮಾಡಿದಳು. “ಕೇಳ್ದೆ ಬಂದೆ, ನಡು ಹಿತ್ಲಲ್ಲಿ ನಿಂತ್ಕಂಡೆ. ನೀನು ಉದುರ್ಸೋದು, ನಾನು ಗುಡ್ಸೋದು. ಒಂದಿನಾನಾದ್ರೂ ತಿರುಗ್ ನೋಡಿದ್ಯಾ, ಇಲ್ಲೊಬ್ಳವ್ಳೆ, ಅವ್ಳೂ ಗೇಯ್ತಾಳೆ, ಅವ್ಳಿಗೂ ಒಂದ್ ಬದುಕದೆ ಅಂತ? ಹೋದ ಕಡೆಲೆಲ್ಲಾ ಒಂದ್ ಗಿಡ ತಂದ್ ತಂದ್ ಇಕ್ಕಿದ್ದೇ ಇಕ್ಕಿದ್ದು. ಊರೋರ್ ಗದ್ದೆಗೆಲ್ಲಾ ತೂಬೆತ್ತಿ ನೀರ್ ಬುಡಕ್ ಬತ್ತದೆ, ಮನೇಲಿರೋಳ್ಗೆ ಚಾಪೆಯಷ್ಟು ಬಿಸ್ಲು ಬುಡಕ್ ಬರಲ್ವಾ?”

ಗಿಡ ತಂದು ಇಕ್ಕುವುದೂ ತೂಬು ಎತ್ತುವುದೂ ಮರವಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಮಾನಸಳ ಫೋನು ತಾನಾಗಿ ಕೆಳಗಿಳಿಯಿತು. ಲೋಕೇಶ್ ಸಪೋಟ ಗಿಡವನ್ನು ಮೊದಲ ಸಲ ನೋಡುವವನಂತೆ ನೋಡತೊಡಗಿದ. ಜಯಲಕ್ಷ್ಮಮ್ಮ ಮಾತ್ರ ಸೊಸೆಯ ಮುಖದಿಂದ ಕಣ್ಣು ಕೀಳಲಿಲ್ಲ.

“ಇವತ್ತಿಂದ ನನ್ ಬಚ್ಚಲ್ ನೀರು ನಿಂಗಿಲ್ಲ. ಪೈಪಿನ್ ನೀರೂ ಇಲ್ಲ. ಒಂದ್ ತೊಟ್ಟೂ ಇಲ್ಲ. ಶಿವರಾತ್ರಿ ಒಳ್ಗೆ ಹೂ ಕಾಣ್ದೆ ಇದ್ರೆ ಬುಡಕ್ಕೇ ಮಚ್ಚು.”

ಅಲಗನ್ನು ಸುಮ್ಮನೆ ಮುಟ್ಟಿಸುವುದು ಕ್ರಮ. ಅವಳು ಬೀಸಿದಳು. ತೊಗಟೆ ಸೀಳಿ ಸೊನೆ ಒಸರಿತು.

ಈಗ ನಂಜಪ್ಪನ ಸರದಿ. ಅವನು ಮರಕ್ಕೂ ಸೊಸೆಗೂ ನಡುವೆ ಬಂದು ಕೈ ಅಡ್ಡ ಹಿಡಿದ. ಹಿಂದಿನವರು ಹೇಳುತ್ತಿದ್ದ ಮಾತುಗಳು ಅವನಿಗೆ ಬಾಯಿಪಾಠವಿದ್ದವು; ಆದರೂ ತಡವರಿಸಿದ.

“ಬುಡವ್ವ,” ಅಂದ. “ನೋಡ್ಲಿಲ್ಲ, ತಪ್ಪಾಯ್ತು. ಇದೊಂದ್ ಸಲ ಬುಟ್ಬುಡು. ಶಿವರಾತ್ರಿಗೆ ಹೂ ಬರ್ದೆ ಇದ್ರೆ ನಾನೇ ನಿಂತು ಕಡುಸ್ತೀನಿ.”

ಹಿಂದಿನವರ ಮಾತಿನಲ್ಲಿ ತಪ್ಪಾಯಿತು ಎಂಬುದು ಇರಲಿಲ್ಲ.

ಅವತ್ತೇ ಪ್ರಮೀಳಾ ಗುದ್ದಲಿ ಹಿಡಿದು ಬಚ್ಚಲ ಕಾಲುವೆಯನ್ನು ಮಾವಿನ ಬುಡದಿಂದ ಬಸಳೆ ಚಪ್ಪರದ ಕಡೆ ತಿರುಗಿಸಿದಳು. ಮರ ಹೂ ಬಿಡಬಾರದು, ಅದೇ ಅವಳ ಆಸೆ. ಇಷ್ಟು ದಿನ ತಣ್ಣಗೆ ನೀರು ಕುಡಿದೇ ಬಿಡದ್ದು, ಬಾಯಾರಿಕೆಯಲ್ಲಿ ಬಿಟ್ಟೀತೇ? ಶಿವರಾತ್ರಿಯ ಮಾರನೆಯ ದಿನ ಹಿತ್ತಿಲಿನಲ್ಲಿ ಆಕಾಶ ಮತ್ತೆ ತೆರೆದುಕೊಳ್ಳುತ್ತದೆ. ಒಲೆಯ ಮುಂದೆ ಕೂತು ಮುದ್ದೆ ತೊಳಸುವಾಗಲೂ ಅವಳಿಗೆ ಆ ಬಿಸಿಲು ಕಾಣುತ್ತಿತ್ತು, ಸಾಲು ಸಾಲು ಚಾಪೆ, ಅದರ ಮೇಲೆ ಬೆಳ್ಳಗೆ ಒಣಗುತ್ತಿರುವ ಸಂಡಿಗೆ. ಮಾವನಿಗೊಂದು ಕನಸಿದ್ದರೆ ಸೊಸೆಗೊಂದು.

ಅವರೆಕಾಯಿಯ ಕಾಲ ಬಂತು. ಮನೆಯಲ್ಲಿ ಹಿತಕಿದ ಬೇಳೆಯ ಸಾರು, ಜಗಲಿಯ ಮೇಲೆ ಸಿಪ್ಪೆಯ ರಾಶಿ, ಬೆರಳ ತುದಿಗಳಿಗೆಲ್ಲ ಸೊಗಡು. ನಾಲೆಯ ಮೇಲಿನ ಮಂಜು ಬೆಳಗಾದರೂ ಏಳುತ್ತಿರಲಿಲ್ಲ. ಆ ಮಂಜಿನಲ್ಲಿ ನಂಜಪ್ಪ ಪೈಪು ಹಿಡಿದು ಸೀಬೆಗೆ, ಸಪೋಟಕ್ಕೆ ನೀರು ಬಿಡುತ್ತಿದ್ದ. ಮಾವಿನ ಬಳಿ ಬಂದಾಗ ಪೈಪಿನ ಬಾಯನ್ನು ಮಡಚಿ, ಒಂದು ತೊಟ್ಟೂ ಬೀಳದಂತೆ ದಾಟುತ್ತಿದ್ದ. ಬುಡದ ಮಣ್ಣು ಮೊದಲು ಬಿಳಿಚಿತು, ಆಮೇಲೆ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಬೆರಳಿಟ್ಟು ನೋಡಿ ಅವನು ಎದ್ದು ಬರುತ್ತಿದ್ದ. ಉಣ್ಣುವುದು ಕಡಿಮೆಯಾಯಿತು. ಮಧ್ಯಾಹ್ನ ಜಗಲಿಯ ಮೇಲೆ ನಿದ್ದೆ ಹೋದಾಗ ಬಲಗೈ ಎದೆಯ ಮೇಲೆ ಮೆಲ್ಲಗೆ ತಿರುಗುತ್ತಿತ್ತು, ತೂಬಿನ ತಿರುಪನ್ನು ತಿರುಗಿಸಿದಂತೆ. ಪ್ರಮೀಳಾ ಅವರೆಕಾಯಿ ಬಿಡಿಸುತ್ತ ಅದನ್ನು ನೋಡುತ್ತಿದ್ದಳು. ಅಯ್ಯೋ ಅನ್ನಿಸುತ್ತಿತ್ತು. ಆದರೂ ಕಾಲುವೆ ಬಸಳೆಯ ಕಡೆಗೇ ಹರಿಯಿತು.

ಒಂದು ದಿನ ಅವನು ಕಾಫಿ ಲೋಟವನ್ನು ಮಾವಿನ ಬುಡದಲ್ಲಿ ತೊಳೆಯುವುದು ಅವಳ ಕಣ್ಣಿಗೆ ಬಿತ್ತು.

“ಮಾವ.”

“ಲೋಟ ತೊಳ್ದೆ ಕಣವ್ವ.”

“ಬಚ್ಚಲಲ್ಲಿ ತೊಳೀರಿ.”

ನಂಜಪ್ಪ ಕದ್ದು ಸಿಕ್ಕಿಬಿದ್ದವನಂತೆ ಲೋಟ ಹಿಡಿದು ಬಚ್ಚಲಿಗೆ ನಡೆದ. ಒಳಗಿನಿಂದ ಜಯಲಕ್ಷ್ಮಮ್ಮ, “ಸರ್ಕಾರಕ್ಕೂ ಇಂಗ್ ಎದರ್ಲಿಲ್ಲ ಈ ಮನ್ಸ,” ಎಂದು ಗೋಡೆಗೆ ಹೇಳಿದಳು.

ಸಂಕ್ರಾಂತಿ ಬಂತು, ಎಳ್ಳು ಬೀರಿದ್ದಾಯಿತು. ಮರದಲ್ಲಿ ಹೂವಿಲ್ಲ. ಎಲೆಗಳು ಕಳೆಗುಂದಿ ಜೋತುಬಿದ್ದಿದ್ದವು. ಪ್ರಮೀಳಾ ಅಣ್ಣಮ್ಮನಿಗೆ ಫೋನು ಮಾಡಿದಳು.

“ಬೇಸ್ಗೆಗೆ ಕೊಡ್ತೀನಿ ಅಕ್ಕ. ಬಿಸ್ಲಿನ್ ಯತ್ನ ಮಾಡಿವ್ನಿ.”

“ಮಾತಂದ್ರೆ ಮಾತು ಕಣೆ.”

“ಮಾತೇ.”

ಶಿವರಾತ್ರಿ ಹತ್ತಿರವಾದಾಗ ಊಟದ ಹೊತ್ತಿನಲ್ಲಿ ಲೋಕೇಶ್ ತಟ್ಟೆ ನೋಡುತ್ತ ಹೇಳಿದ, “ಕುಳ್ಳಯ್ಯಂಗ್ ಏಳಿವ್ನಿ. ಅಬ್ಬದ್ ಮಾರ್ನೇ ದಿನ ಮರ ಕುಯ್ಯೋ ಮಿಶನ್ ತತ್ತಾನೆ.”

ನಂಜಪ್ಪ ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದ. ಮುದ್ದೆ ಅರ್ಧ ಹಾಗೆಯೇ ಇತ್ತು.

“ಒಂದ್ ತುತ್ತಾದ್ರೂ ಉಣ್ಬಾರ್ದಾ?” ಜಯಲಕ್ಷ್ಮಮ್ಮ ಅಂದಳು. ಆಮೇಲೆ ಸೊಸೆಯನ್ನು ನೋಡಿ ಮೆಲ್ಲಗೆ, “ನಾನೇನೂ ಅನ್ನಲ್ಲ ಕಣೆ. ನೀನು ಏಳಿದ್ ಸರಿಯಾಗೇ ಅದೆ. ಆದ್ರೂ ಗಂಟ್ಲಲ್ಲಿ ಇಳೀದು.”

ಪ್ರಮೀಳಾ ಮಿಕ್ಕ ಮುದ್ದೆಯನ್ನು ಹಸುವಿನ ಬಾನಿಗೆ ಹಾಕಿದಳು.

ಹೂವಿಲ್ಲವೆಂದು ಖಾತ್ರಿಯಾದ ಮೇಲೆ ಮರದತ್ತ ತಲೆ ಎತ್ತಿ ನೋಡುವುದನ್ನೇ ಎಲ್ಲರೂ ಬಿಟ್ಟಿದ್ದರು. ಎರಡು ದಿನ ಕಳೆದು ಬೆಳಿಗ್ಗೆ ಕಸಬರಿಕೆ ಹಿಡಿದು ಹಿತ್ತಿಲಿಗೆ ಹೋದಾಗ ಅವಳಿಗೊಂದು ವಾಸನೆ ಬಡಿಯಿತು. ಜೇನಿನಂತೆ, ಒಂದಿಷ್ಟು ಒಗರಾಗಿ. ಮಂಜು ದಟ್ಟವಾಗಿತ್ತು, ಮರವೇ ಸರಿಯಾಗಿ ಕಾಣದು, ಮಸುಕಿನಲ್ಲಿ ತೇಲುವಂತೆ ಕೆಳಗಿನ ನಾಲ್ಕು ಕೊಂಬೆ ಮಾತ್ರ. ಅವುಗಳಲ್ಲಿ ಒಂದರ ತುದಿಯಲ್ಲಿ, ಅವಳ ಮುಖದ ಎತ್ತರಕ್ಕೇ, ಎಳೆಗೆಂಪು ದಂಟಿನ ಒಂದು ಹೂಗೊಂಚಲು ಬಾಗಿತ್ತು. ಸಣ್ಣ ಸಣ್ಣ ಹಳದಿ ಹೂ. ಕೆಲವು ಬಿರಿದಿದ್ದವು.

ಕಸಬರಿಕೆ ಕೈಯಿಂದ ಜಾರಿತು. ಪ್ರಮೀಳಾ ಹಿಂದೆ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇಲ್ಲ. ಮಾವನಿಗೆ ಕಣ್ಣಿನ ಪೊರೆ, ಮೇಲಿನದೇನೂ ಕಾಣದು. ಲೋಕೇಶ್ ಪಾಳಿಗೆ ಹೋಗಿದ್ದ. ಶಿವರಾತ್ರಿಗೆ ಇನ್ನೆರಡು ದಿನ. ಎರಡು ದಿನ ಯಾರಿಗೂ ಗೊತ್ತಾಗದಿದ್ದರೆ ಸಾಕು.

ಕೊಂಬೆ ಬಗ್ಗಿಸಿ ಗೊಂಚಲನ್ನು ಚಟಕ್ಕನೆ ಮುರಿದಳು. ಸೊನೆ ಬೆರಳಿಗೆ ಅಂಟಿತು. ಕೊಂಬೆ ಚಿಮ್ಮಿ ಮೇಲಕ್ಕೆ ಹೋದದ್ದೇ ಮೇಲಿನಿಂದ ಏನೋ ಸಣ್ಣಗೆ ಅವಳ ತಲೆಯ ಮೇಲೆ, ಹೆಗಲ ಮೇಲೆ ಉದುರಿತು. ಇಬ್ಬನಿ ಎಂದುಕೊಂಡು ಒರೆಸಿದರೆ ಕೈಯಲ್ಲಿ ಹಳದಿ ಪುಡಿ. ತಲೆ ಎತ್ತಿದಳು. ಮಂಜು ಮೆಲ್ಲಗೆ ಸರಿಯುತ್ತಿತ್ತು. ಸರಿದಂತೆ ಸರಿದಂತೆ ಮರ ಹೊರಗೆ ಬಂತು. ಕೊಂಬೆ ಕೊಂಬೆಯ ತುದಿಗೂ ಗೊಂಚಲು, ನೆತ್ತಿಯ ತನಕ. ಹಸಿರು ಕಾಣದಷ್ಟು. ಇಡೀ ಮರ ಗುಂಯ್‌ಗುಡುತ್ತಿತ್ತು, ಜೇನುನೊಣಗಳಿಗೆ ಆಗಲೇ ಸುದ್ದಿ ಮುಟ್ಟಿತ್ತು.

ಅವಳಿಗೆ ನಗು ಬಂತು. ಅಳುವೂ ಬಂತೋ ಏನೋ. ಬಂದಿದ್ದರೂ ಆ ಹೊತ್ತಿನಲ್ಲಿ ನೋಡಲು ಯಾರೂ ಇರಲಿಲ್ಲ.

ಒಳಗೆ ಬಂದು, ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನಂಜಪ್ಪನ ಮುಂದೆ ಗೊಂಚಲನ್ನು ಇಟ್ಟಳು.

“ತಕ್ಕಳಿ ಮಾವ. ನಾನೇ ಮುರ್ದೆ.”

ಅವನು ಕಣ್ಣಿನ ಹತ್ತಿರ ಹಿಡಿದ. ಮೂಗಿನ ಹತ್ತಿರ ಹಿಡಿದ.

“ಇದೊಂದೇನಾ?”

“ಮರದ್ ತುಂಬ ಅವೆ. ಎಷ್ಟೂಂತ ಮುರೀಲಿ.”

ಜಯಲಕ್ಷ್ಮಮ್ಮ ಅಡುಗೆಮನೆಯಲ್ಲಿ ಗೊಳ್ಳೆಂದು ನಕ್ಕದ್ದು ಬೀದಿಗೆ ಕೇಳಿಸಿತು. ಹಲ್ಲುಜ್ಜುತ್ತ ಬಂದ ಮಾನಸ ಗೊಂಚಲನ್ನು ನೋಡಿ, “ಹೂಂ, ನೀರ್ ನಿಲ್ಸಿದ್ಕೆ ಬಂದದೆ,” ಅಂದಳು. “ಮಾವಿಗೆ ಹೂ ಕಟ್ಟೋ ಮುಂಚೆ ಒಣಗುಸ್ಬೇಕು. ತಾತ ದಿನಾ ನೀರ್ ಬುಟ್ಟು ಬುಟ್ಟು ಬರೀ ಎಲೆ ಬೆಳ್ಸಿತ್ತು.”

“ಗೊತ್ತಿದ್ದೂ ಏಳ್ಲಿಲ್ವೇನಮ್ಮಿ?” ಪ್ರಮೀಳಾ ಕೇಳಿದಳು.

“ಹೋದ್ವಾರ ಬಾಟನಿ ಕ್ಲಾಸಲ್ಲಿ ಬಂತು. ಅಷ್ಟೊತ್ಗೆ ನೀರ್ ನಿಲ್ಸಾಗಿತ್ತು. ಏಳಿದ್ರೆ ನೀನು ರಾತ್ರೋರಾತ್ರಿ ಕೊಡ ತಂದು ಉಯ್ದಿರ್ತಿದ್ದೆ.”

ಅದು ನಿಜವೇ ಆಗಿತ್ತು. ನಂಜಪ್ಪ ಗೊಂಚಲನ್ನು ಮಡಿಲಲ್ಲಿ ಇಟ್ಟುಕೊಂಡು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ. ನೀರು ಬಿಡುವುದೊಂದನ್ನೇ ಕಲಿತಿದ್ದ ಕೈಗಳು.

“ಅಣ್ಣಮ್ಮಂಗ್ ಮಾತ್ ಕೊಟ್ಬುಟ್ಟಿದ್ದೆ,” ಅಂದಳು ಪ್ರಮೀಳಾ. ಯಾರಿಗೂ ಅಲ್ಲ, ಸುಮ್ಮನೆ. ಅಂದು ಒಳಗೆ ಹೋದಳು. ಹೂ ಕಂಡ ಮರಕ್ಕೆ ಮಚ್ಚಿಲ್ಲ, ಕ್ರಮ ಕ್ರಮವೇ.

ತಿಂಡಿಗೆ ಕರೆಯಲು ಅವಳು ಹೊರಗೆ ಬಂದಾಗ ನಂಜಪ್ಪ ಕಾಂಪೌಂಡಿನ ಮೂಲೆಯಲ್ಲಿ ಗುದ್ದಲಿ ಹಿಡಿದು ಬಗ್ಗಿದ್ದ. ಬೆಣ್ಣೆಹಣ್ಣಿನ ಗಿಡಗಳು ಬೇರಿನ ಮಣ್ಣಿನ ಸಮೇತ ಮೇಲೆ ಬಂದಿದ್ದವು. ಪಕ್ಕದ ಚಕ್ಕೋತದ ಸುತ್ತಲೂ ಆಗಲೇ ಅಗೆದಿದ್ದ. ರಾಮಫಲಕ್ಕೂ ಗುರುತು ಹಾಕಿದ್ದ.

“ಏನ್ ಮಾಡ್ತಿದ್ದೀರಿ ಮಾವ?”

“ಇವ್ಕಿನ್ನೂ ಹೂ ಬಂದಿಲ್ಲ,” ನಂಜಪ್ಪ ಉಸಿರು ಬಿಡುತ್ತ ಹೇಳಿದ. “ಕಿತ್ರೆ ದೋಸ ಇಲ್ಲ. ನಾಲೆ ಏರಿ ಮ್ಯಾಲ್ ಇಕ್ತೀನಿ. ಅಲ್ಲಿ ಯಾರೂ ಚಾಪೆ ಹಾಸಲ್ಲ.”

ಸಂಜೆ ಪಾಳಿ ಮುಗಿಸಿ ಬಂದ ಲೋಕೇಶ್ ಮಿಶನ್ ಬೇಡವೆಂದು ಕುಳ್ಳಯ್ಯನಿಗೆ ಫೋನು ಮಾಡಿ, ಬೈಸಿಕೊಂಡು, ಅಪ್ಪನ ಹಿಂದೆ ಗಿಡ ಹೊತ್ತು ನಾಲೆಯ ಕಡೆ ನಡೆದ.

ಶಿವರಾತ್ರಿ ಕಳೆಯಿತು. ಮೂಲೆಯಿಂದ ತೊಟ್ಟಿಯ ತನಕ ಬಿಸಿಲಿನ ಒಂದು ಪಟ್ಟಿ ತೆರೆದುಕೊಂಡಿತ್ತು. ಮದುವೆಯಾಗಿ ಬಂದಾಗಿನ ಆಕಾಶವಲ್ಲ. ಮಾವು ಅಲ್ಲೇ ಇತ್ತು, ಸೀಬೆ ಅಲ್ಲೇ ಇತ್ತು. ಆದರೂ ಬೆಳಗಿನಿಂದ ಸಂಜೆಯವರೆಗೆ ಎಳೆದಾಡದೆ ಮೂರು ಚಾಪೆ ಹಾಸಬಹುದಿತ್ತು. ಮೊದಲ ಸಂಡಿಗೆ ಎರಡೇ ದಿನಕ್ಕೆ ಗರಿಗರಿಯಾಗಿ, ತಟ್ಟಿದರೆ ಟಣ್ ಎನ್ನುವಂತೆ ಒಣಗಿತು. ಮರದ ಕಡೆಗಿನ ಚಾಪೆಯ ಮೇಲೆ ಮಾತ್ರ ಗಾಳಿ ಬಂದಾಗಲೆಲ್ಲ ಹಳದಿ ಪುಡಿ ಉದುರಿ ಅಂಟಿಕೊಳ್ಳುತ್ತಿತ್ತು. ಮೊದಲ ದಿನ ಪ್ರಮೀಳಾ ಒಂದೊಂದನ್ನೇ ಆರಿಸಿದಳು. ಎರಡನೆಯ ದಿನ ಆ ಸಂಡಿಗೆಯನ್ನು ಮನೆಗೇ ಇಟ್ಟುಕೊಂಡು, ಉಳಿದದ್ದನ್ನು ಅಣ್ಣಮ್ಮನ ಡಬ್ಬಕ್ಕೆ ತುಂಬಿದಳು.

ಸಂಜೆ ಅವಳು ಚಾಪೆ ಸುತ್ತುತ್ತಿದ್ದಾಗ ನಂಜಪ್ಪ ಪೈಪು ಎಳೆದುಕೊಂಡು ಬಂದ. ಸೀಬೆಗೆ ಬಿಟ್ಟ, ಸಪೋಟಕ್ಕೆ ಬಿಟ್ಟ. ಮಾವಿನ ಬಳಿ ಬಂದು ಪೈಪಿನ ಬಾಯಿ ಮಡಚಿ ನಿಂತ. ಬಿರುಕು ಬಿಟ್ಟ ಮಣ್ಣನ್ನೂ ಸೊಸೆಯನ್ನೂ ನೋಡಿದ.

“ಪ್ರಮೀಳಾ, ಈಗ ನೀರ್ ಬುಡ್ಲಾ?”

ಅವಳು ಚಾಪೆಯನ್ನು ಗೋಡೆಗೆ ಒರಗಿಸಿ ಮರದತ್ತ ತಲೆ ಎತ್ತಿದಳು. ಮಾನಸಳನ್ನು ಕೇಳಿ ತಿಳಿದುಕೊಂಡಿದ್ದಳು.

“ಬ್ಯಾಡ ಮಾವ. ಕಾಯಿ ಕಡ್ಲೆಕಾಳಷ್ಟು ಆಗ್ಲಿ. ನಾನ್ ಏಳ್ತೀನಿ.”

“ಆಗ್ಲವ್ವ,” ಅಂದ ನಂಜಪ್ಪ. ತೂಬಿನ ಬಳಿ ಮೇಲಿನವರ ಅಪ್ಪಣೆಗೆ ಕಾಯುತ್ತಿದ್ದ ಕಾಲದಂತೆ, ಮಡಚಿದ ಪೈಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತ.